ಹಾರುವ ಗೊಂಬೆಯ ಕಾಲ ಕೆಳಗೆ

ಕದರಮಂಡಲಗಿ, ಬ್ಯಾಡಗಿ ತಾಲ್ಲೂಕು

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಮೇಜಿನ ಮೇಲೆ ಯುದ್ಧದಾಟ ಆಡುವವರಿಗೆ, ಆಟಕ್ಕೆ ತಾವೇ ಗೊಂಬೆ ಮಾಡಿಕೊಳ್ಳುವವರಿಗೆ, ಶಾಲೆಯಲ್ಲಿ ಕರಕುಶಲ ಕಲಿಸುವ ಮಾಸ್ತರರಿಗೆ ಬಹಿರಂಗ ಪತ್ರ.

ಮೇಜಿನ ಮೇಲಿನ ಯುದ್ಧದಾಟದಲ್ಲಿ ಕಾಲಾಳು, ಕುದುರೆ, ಆನೆ, ಟ್ಯಾಂಕು ಎಲ್ಲವೂ ತಮ್ಮ ಭಾರವನ್ನು ತಾವೇ ನೆಲಕ್ಕೆ ಕೊಟ್ಟು ನಿಲ್ಲುತ್ತವೆ. ಹಾರುವ ಗೊಂಬೆಗೆ ಆ ಅನುಕೂಲವಿಲ್ಲ. ವಿಮಾನವಾಗಲಿ, ಗರುಡನಾಗಲಿ, ಜಟಾಯುವಾಗಲಿ, ಬೆಟ್ಟ ಹೊತ್ತ ಹನುಮಂತನಾಗಲಿ, ನೆಲಕ್ಕೂ ಅದಕ್ಕೂ ನಡುವೆ ಒಂದು ಆಸರೆ ಬೇಕೇ ಬೇಕು. ಆಸರೆಗೆ ಎರಡು ಕೆಲಸ: ಗೊಂಬೆಯನ್ನು ಬೀಳದಂತೆ ಹಿಡಿಯುವುದು, ಹಿಡಿದದ್ದು ಕಣ್ಣಿಗೆ ಹೊಡೆಯದಂತೆ ನೋಡಿಕೊಳ್ಳುವುದು. ಗಟ್ಟಿಯಾಗಿ ಹಿಡಿಯಲು ಕಡ್ಡಿ ದಪ್ಪವಾಗಬೇಕು, ಪೀಠ ಅಗಲವಾಗಬೇಕು. ಮರೆಯಾಗಲು ಎರಡೂ ಸಣ್ಣದಾಗಬೇಕು. ಸ್ಟ್ಯಾಂಡು ಮಾಡುವ ಕೆಲಸದ ತೊಡಕೆಲ್ಲ ಇದೊಂದರಲ್ಲೇ ಇದೆ. ಗೊಂಬೆ ಮುಗಿದ ಮೇಲೆ ಸ್ಟ್ಯಾಂಡಿನ ಯೋಚನೆ ಮಾಡುವುದು ಸಾಮಾನ್ಯ ರೂಢಿ. ಅದು ತಿರುಗುಮುರುಗು ಕ್ರಮ. ಕಡ್ಡಿ ಎಲ್ಲಿ ಸೇರಬೇಕು, ಭಾರ ಎಲ್ಲಿ ಬೀಳಬೇಕು ಎಂಬುದು ಮೊದಲು ತೀರ್ಮಾನವಾಗಬೇಕು, ಗೊಂಬೆಯ ಭಂಗಿ ಅದರ ಹಿಂದೆ ಬರಬೇಕು.

ಆಟದ ವಂಶ ಹಳೆಯದು. ಚದುರಂಗ ಒಂದು ಸೈನ್ಯದ ಆಟವೇ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮಾಡಿಸಿದ ‘ಶ್ರೀತತ್ತ್ವನಿಧಿ’ಯಲ್ಲಿ ಕೌತುಕನಿಧಿ ಎಂಬ ಭಾಗ ಮಣೆಯಾಟ, ಎಲೆಯಾಟಗಳಿಗಾಗಿಯೇ ಇದೆ. ಪ್ರಷ್ಯಾದ ಸೈನ್ಯದಲ್ಲಿ ರೈಸ್‌ವಿಟ್ಸ್ ಎಂಬ ಅಧಿಕಾರಿ 1824ರಲ್ಲಿ ನಕ್ಷೆಯ ಮೇಲೆ ಕಾಯಿ ನಡೆಸುವ ಆಟವನ್ನು ಅಧಿಕಾರಿಗಳ ತರಬೇತಿಗೆ ಒದಗಿಸಿದ. ಕತೆಗಾರ ಎಚ್. ಜಿ. ವೆಲ್ಸ್ 1913ರ ‘ಲಿಟಲ್ ವಾರ್ಸ್’ ಪುಸ್ತಕದಲ್ಲಿ ಸೀಸದ ಸಿಪಾಯಿಗಳನ್ನಿಟ್ಟು ಆಡುವ ನಿಯಮ ಬರೆದ. ಅಲ್ಲಿಯವರೆಗೆ ಕಾಲಾಳು, ಕುದುರೆ, ತೋಪು ಇಷ್ಟೇ ಸೈನ್ಯ. ವಿಮಾನ ಯುದ್ಧದ ಆಟಗಳೂ ರೆಕ್ಕೆಯುಳ್ಳ ಪ್ರಾಣಿಗಳ ಕಲ್ಪಿತ ಲೋಕದ ಆಟಗಳೂ ಬಂದ ಮೇಲೆಯೇ ಹಾರುವ ಕಾಯಿಗೆ ಸ್ಟ್ಯಾಂಡು ಬೇಕಾಯಿತು.

ಆಟಕ್ಕೆ ಹೊಸದಾದರೂ ಶಿಲ್ಪಕ್ಕೆ ಇದು ಹೊಸ ಸಮಸ್ಯೆಯಲ್ಲ. ಹಾವೇರಿ ಜಿಲ್ಲೆಯ ಎಷ್ಟೋ ಊರುಗಳಲ್ಲಿ ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ ವೀರಗಲ್ಲುಗಳಿವೆ. ಅವುಗಳ ಸಾಮಾನ್ಯ ಕ್ರಮ ಮೂರು ಪಟ್ಟಿಕೆ: ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಮೇಲಕ್ಕೆ ಒಯ್ಯುವುದು, ಮೇಲೆ ಲಿಂಗದ ಮುಂದೆ ವೀರ ಕುಳಿತಿರುವುದು. ನಡುವಿನ ಪಟ್ಟಿಕೆ ಹಾರುವ ಗೊಂಬೆ ಮಾಡುವವರು ನಿಂತು ನೋಡಬೇಕಾದದ್ದು. ಅಲ್ಲಿ ಯಾರ ಪಾದವೂ ನೆಲ ಮುಟ್ಟಿಲ್ಲ, ಆದರೂ ಯಾರೂ ಬೀಳುವಂತೆ ಕಾಣುವುದಿಲ್ಲ, ಏಕೆಂದರೆ ಬೆನ್ನ ಹಿಂದಿನ ಕಲ್ಲೇ ಅವರನ್ನು ಹಿಡಿದಿದೆ. ಐಹೊಳೆಯ ಗುಡಿಗಳಲ್ಲಿ ಹಾರುವ ಗಂಧರ್ವ ಜೋಡಿಗಳು ಇನ್ನೂ ನಯ. ಮೊಣಕಾಲು ಮಡಿಸಿ ಹಿಂದಕ್ಕೆ ಚಾಚಿದೆ, ಎದೆ ಮುಂದಕ್ಕೆ ಬಾಗಿದೆ, ಉತ್ತರೀಯದ ತುದಿ ಗಾಳಿಗೆ ಹಿಂದೆ ಸುರುಳಿಯಾಗಿದೆ. ರೆಕ್ಕೆ ಇಲ್ಲದೆಯೇ ಹಾರಾಟವನ್ನು ತೋರಿಸುವುದು ಮಡಿಸಿದ ಕಾಲು ಮತ್ತು ಹಿಂದೆ ಸರಿದ ಬಟ್ಟೆ. ಇವೆರಡೂ ಅಂಗುಲದ ಗೊಂಬೆಯಲ್ಲೂ ನಡೆಯುತ್ತವೆ.

ತೊಗಲುಗೊಂಬೆ ಆಟದವರದು ಮೂರನೆಯ ದಾರಿ. ಸೀಳಿದ ಬಿದಿರಿನ ಕಡ್ಡಿಗೆ ಗೊಂಬೆಯನ್ನು ಸಿಕ್ಕಿಸಿ, ಪರದೆಯ ಮೇಲೆ ಹನುಮಂತನನ್ನು ಈ ಅಂಚಿನಿಂದ ಆ ಅಂಚಿಗೆ ಹಾರಿಸುತ್ತಾರೆ. ಕಡ್ಡಿಯ ನೆರಳು ಪರದೆಯ ಮೇಲೆ ಬೀಳುತ್ತದೆ. ಅದನ್ನು ಅಡಗಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ನೋಡುವವರ ಕಣ್ಣು ಗೊಂಬೆಯ ಓಟದ ಮೇಲಿರುವಾಗ ಕಡ್ಡಿ ಲೆಕ್ಕಕ್ಕೆ ಬರುವುದಿಲ್ಲ. ಮೇಜಿನಾಟಕ್ಕೂ ಇದೇ ಮಾತು. ಇಂದಿನ ಮಾರುಕಟ್ಟೆಯ ಸ್ಟ್ಯಾಂಡುಗಳು ಬಹುಪಾಲು ಪಾರದರ್ಶಕ ಪ್ಲಾಸ್ಟಿಕ್ಕಿನವು, ಕಾಣದಿರಲಿ ಎಂಬ ಉದ್ದೇಶದವು. ಆದರೆ ಪಾರದರ್ಶಕ ಕಡ್ಡಿ ನಿಜಕ್ಕೂ ಕಾಣದಿರುವುದಿಲ್ಲ. ದೀಪದ ಕೆಳಗೆ ಅದರ ಉದ್ದಕ್ಕೂ ಬೆಳಕಿನ ಒಂದು ಗೆರೆ ಮಿಂಚುತ್ತದೆ, ನಾಲ್ಕಾರು ಆಟ ಮುಗಿಯುವಷ್ಟರಲ್ಲಿ ಗೀರು ಬಿದ್ದು ಮಬ್ಬಾಗುತ್ತದೆ. ಕಪ್ಪು ಅಥವಾ ಬೂದು ಬಣ್ಣದ, ಹೊಳಪಿಲ್ಲದ, ತೆಳ್ಳಗಿನ ಉಕ್ಕಿನ ಕಡ್ಡಿ ಅದಕ್ಕಿಂತ ಕಡಿಮೆ ಕಣ್ಣಿಗೆ ಬೀಳುತ್ತದೆ.

ಇದು ರುಚಿಯ ಪ್ರಶ್ನೆ ಮಾತ್ರವಲ್ಲ, ಲೆಕ್ಕವೂ ಹೌದು. ಕಡ್ಡಿಯ ಗಟ್ಟಿತನ ಅದರ ವ್ಯಾಸದ ನಾಲ್ಕನೆಯ ಘಾತದಂತೆ ಏರುತ್ತದೆ: 2 ಮಿ.ಮೀ. ಕಡ್ಡಿಗಿಂತ 3 ಮಿ.ಮೀ. ಕಡ್ಡಿ ಐದು ಪಟ್ಟು ಗಟ್ಟಿ. ಉದ್ದ ಹೆಚ್ಚಿದರೆ ಬಾಗುವುದು ಘನದ ಪ್ರಮಾಣದಲ್ಲಿ ಹೆಚ್ಚುತ್ತದೆ: ಎರಡರಷ್ಟು ಎತ್ತರದ ಕಡ್ಡಿ ಎಂಟರಷ್ಟು ಬಾಗುತ್ತದೆ. ಇನ್ನು ಉಕ್ಕು ಅಕ್ರಿಲಿಕ್‌ಗಿಂತ ಸುಮಾರು ಅರವತ್ತು ಪಟ್ಟಿಗೂ ಹೆಚ್ಚು ಬಿಗಿ. ಎಲ್ಲ ಸೇರಿಸಿ ನೋಡಿದರೆ, 2 ಮಿ.ಮೀ. ಉಕ್ಕಿನ ಕಡ್ಡಿ ಮಾಡುವ ಕೆಲಸಕ್ಕೆ ಐದೂವರೆ ಮಿ.ಮೀ.ಗೂ ಮೀರಿದ ಅಕ್ರಿಲಿಕ್ ಕಡ್ಡಿ ಬೇಕು. ಹೆಬ್ಬೆರಳಿನುದ್ದದ ಹನುಮಂತನ ಹೊಟ್ಟೆಗೆ ಅಷ್ಟು ದಪ್ಪದ ಗಾಜಿನಂಥ ಕಂಬ ಚುಚ್ಚಿದರೆ ಉಳಿಯುವುದು ಕಂಬವೇ, ಹನುಮಂತನಲ್ಲ.

ಕಾಂತೇಶನ ಊರಿನಲ್ಲಿ ಹಾರುವ ಗೊಂಬೆಗೆ ಉದಾಹರಣೆ ಹುಡುಕಿಕೊಂಡು ಬೇರೆಡೆ ಹೋಗಬೇಕಾಗಿಲ್ಲ. ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಈ ಮೂವರು ಆಂಜನೇಯರ ದರ್ಶನವನ್ನು ಒಂದೇ ದಿನ ಮುಗಿಸುವ ಹರಕೆಯವರು ವರ್ಷವಿಡೀ ಈ ದಾರಿಯಲ್ಲಿ ಓಡಾಡುತ್ತಾರೆ. ಬೆಟ್ಟ ಹೊತ್ತು ಹಾರುವ ಹನುಮಂತನ ಚಿತ್ರ ಲಾರಿಯ ಹಿಂಬದಿಯಿಂದ ಹಿಡಿದು ಕ್ಯಾಲೆಂಡರಿನವರೆಗೆ ಎಲ್ಲೆಲ್ಲೂ ಇದೆ. ಗೊಂಬೆ ಮಾಡುವವರಿಗೆ ಇದರಷ್ಟು ತೊಂದರೆ ಕೊಡುವ ಭಂಗಿ ಇನ್ನೊಂದಿಲ್ಲ: ದೇಹ ಅಡ್ಡ, ಒಂದು ಕೈಯಲ್ಲಿ ಬೆಟ್ಟ, ಇನ್ನೊಂದರಲ್ಲಿ ಗದೆ, ಹಿಂದೆ ಬಾಲ. ಭಾರ ನಾಲ್ಕು ದಿಕ್ಕಿಗೆ ಹಂಚಿಹೋಗಿದೆ.

ಮೊದಲು ತಿಳಿಯಬೇಕಾದದ್ದು ಗುರುತ್ವಕೇಂದ್ರ. ಅದಕ್ಕೆ ಉಪಕರಣ ಬೇಡ, ಒಂದು ದಾರ ಸಾಕು. ಗೊಂಬೆಯ ಕೈಗೆ ದಾರ ಕಟ್ಟಿ ತೂಗಬಿಟ್ಟು, ದಾರದ ಗೆರೆ ದೇಹದ ಮೇಲೆ ಎಲ್ಲಿ ಹಾಯುತ್ತದೆಂದು ಪೆನ್ಸಿಲಿನಲ್ಲಿ ಗುರುತು ಹಾಕುವುದು. ಆಮೇಲೆ ಕಾಲಿಗೆ ಕಟ್ಟಿ ಇನ್ನೊಂದು ಗೆರೆ ಎಳೆಯುವುದು. ಎರಡು ಗೆರೆ ಕೂಡುವ ಕಡೆ ಗುರುತ್ವಕೇಂದ್ರ. ದೇಹ 12 ಗ್ರಾಂ, ಜೇಡಿಮಣ್ಣಿನ ಬೆಟ್ಟ 10 ಗ್ರಾಂ, ಬೆಟ್ಟ ಹೊಟ್ಟೆಯಿಂದ 25 ಮಿ.ಮೀ. ಮುಂದೆ ಇದೆ ಎಂದಿಟ್ಟುಕೊಂಡರೆ ಕೇಂದ್ರ ಹೊಟ್ಟೆಯಿಂದ 11 ಮಿ.ಮೀ.ನಷ್ಟು ಮುಂದೆ ಸರಿದಿರುತ್ತದೆ, ಅಂದರೆ ಕುತ್ತಿಗೆಯ ಹತ್ತಿರ. ಅದೇ ಬೆಟ್ಟವನ್ನು ಥರ್ಮಾಕೋಲಿನಲ್ಲಿ ಕೆತ್ತಿ ಮೇಲೆ ತೆಳ್ಳಗೆ ಎಂ-ಸೀಲ್ ಹೊದಿಸಿ 2 ಗ್ರಾಂಗೆ ಇಳಿಸಿದರೆ ಸರಿಯುವುದು 3.6 ಮಿ.ಮೀ. ಮಾತ್ರ. ಬೆಟ್ಟ ನೋಡಲು ಭಾರವಾಗಿರಬೇಕು, ತೂಗಲು ಹಗುರವಾಗಿರಬೇಕು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಗೊಂಬೆಗೆ ಹಗುರ ಮರವನ್ನು ಆರಿಸಿ, ಮೇಲೆ ಹುಣಸೆಬೀಜದ ಅಂಟು ಸೇರಿದ ಲೇಪ ಕೊಡುತ್ತಾರೆ. ಒಳಗೆ ಹಗುರ, ಹೊರಗೆ ಬಿಗಿ ಎಂಬ ಕ್ರಮ ಹಾರುವ ಗೊಂಬೆಗೆ ಹೇಳಿ ಮಾಡಿಸಿದ್ದು. ಥರ್ಮಾಕೋಲಿನ ವಿಷಯದಲ್ಲಿ ಒಂದು ಎಚ್ಚರಿಕೆ: ಸ್ಪ್ರೇ ಬಣ್ಣ ನೇರವಾಗಿ ತಗುಲಿದರೆ ಅದು ಕರಗಿಹೋಗುತ್ತದೆ. ಮೊದಲು ಫೆವಿಕಾಲಿನ ಒಂದು ಲೇಪ ಕೊಟ್ಟು ಒಣಗಿಸಬೇಕು.

ಗೊಂಬೆ ಬೀಳುತ್ತದೋ ಇಲ್ಲವೋ ಎಂಬುದನ್ನು ಎರಡು ಅಳತೆ ತೀರ್ಮಾನಿಸುತ್ತವೆ: ಒಟ್ಟು ಗುರುತ್ವಕೇಂದ್ರದ ಎತ್ತರ ಮತ್ತು ಅದರ ನೇರಕ್ಕೆ ಕೆಳಗಿನ ಬಿಂದುವಿನಿಂದ ಪೀಠದ ಅಂಚಿಗೆ ಇರುವ ದೂರ. 22 ಗ್ರಾಂ ಗೊಂಬೆ 90 ಮಿ.ಮೀ. ಎತ್ತರದಲ್ಲಿದ್ದು, ಕೆಳಗೆ 40 ಮಿ.ಮೀ. ಅಗಲದ 3 ಗ್ರಾಂ ಪ್ಲಾಸ್ಟಿಕ್ ಪೀಠವಿದ್ದರೆ ಒಟ್ಟು ಕೇಂದ್ರ 79 ಮಿ.ಮೀ. ಎತ್ತರದಲ್ಲಿ ನಿಲ್ಲುತ್ತದೆ. ಎಲ್ಲವೂ ನಟ್ಟನಡುವೆ ಇದ್ದರೂ 14 ಡಿಗ್ರಿ ವಾಲಿದರೆ ಸಾಕು, ಬಿತ್ತು. ಬೆಟ್ಟದ ಭಾರದಿಂದ ಕೇಂದ್ರ ಮುಂದೆ ಸರಿದಿದ್ದರೆ ಏಳು ಡಿಗ್ರಿಗೇ ಮುಗ್ಗರಿಸುತ್ತದೆ. ಯಾರಾದರೂ ಮೇಜಿಗೆ ಮೊಣಕೈ ತಗುಲಿಸಿದರೂ ಸಾಕು. ಈಗ ಅದೇ ಪೀಠದ ಅಡಿಗೆ 20 ಮಿ.ಮೀ. ಬೋಲ್ಟಿಗೆ ಹಾಕುವ ಕಬ್ಬಿಣದ ವಾಷರ್ ಎರಡನ್ನು ಅಂಟಿಸಿದರೆ (ಒಂದೊಂದು 37 ಮಿ.ಮೀ. ಅಗಲ, 3 ಮಿ.ಮೀ. ದಪ್ಪ, ತೂಕ ಸುಮಾರು 17 ಗ್ರಾಂ) ಕೇಂದ್ರ 35 ಮಿ.ಮೀ.ಗೆ ಇಳಿಯುತ್ತದೆ. ಬೀಳಲು 29 ಡಿಗ್ರಿ ವಾಲಬೇಕು. ಬೆಟ್ಟ ಮುಂದಕ್ಕೆ ಎಳೆದರೂ 24 ಡಿಗ್ರಿ. ಹಾರ್ಡ್‌ವೇರ್ ಅಂಗಡಿಯ ಎರಡು ವಾಷರು ಮಾಡುವ ಈ ಕೆಲಸವನ್ನು ಪೀಠ ಅಗಲ ಮಾಡಿ ಸಾಧಿಸುವುದು ಕಷ್ಟ. ಅಡಿಗೆ ಏನೂ ಹಾಕದೆ ಪೀಠವನ್ನು 60 ಮಿ.ಮೀ.ಗೆ ಹಿಗ್ಗಿಸಿದರೂ ಸಿಗುವುದು 23 ಡಿಗ್ರಿಯ ಆಸುಪಾಸು, ಮೇಲಾಗಿ ಆಟದ ಮೇಜಿನಲ್ಲಿ ಅಷ್ಟು ಜಾಗ ದಂಡ.

ಕಡ್ಡಿಗೆ ಸೈಕಲ್ ಅಂಗಡಿಯೇ ಒಳ್ಳೆಯ ಜಾಗ. ಸೈಕಲ್ ಸ್ಪೋಕಿನ ದಪ್ಪ ಸಾಮಾನ್ಯವಾಗಿ 2 ಮಿ.ಮೀ., ಉಕ್ಕು ಗಟ್ಟಿಯದು, ನೇರವಾಗಿರುತ್ತದೆ, ಬೆಲೆ ಅತ್ಯಲ್ಪ. ಹಳೆಯ ಚಕ್ರ ಬಿಚ್ಚಿದಾಗ ಬಂದದ್ದನ್ನು ಅಂಗಡಿಯವರು ಹಾಗೇ ಕೊಡುವುದೂ ಉಂಟು. ಅದರ ದೊಡ್ಡ ಗುಣ ಒಂದು ತುದಿಯ ಮರೆ, ಅಂದರೆ ತಿರುಪಿನ ಥ್ರೆಡ್. ಆ ತುದಿಗೆ ಹಿತ್ತಾಳೆಯ ಸಣ್ಣ ನಿಪ್ಪಲ್ ಬರುತ್ತದೆ. 12 ಮಿ.ಮೀ. ದಪ್ಪದ ಮರದ ಪೀಠದ ನಡುವೆ 4 ಮಿ.ಮೀ. ತೂತು ಹಾಕಿ, ನಿಪ್ಪಲ್‌ನ ತಲೆ ಅಡಿಗೆ ಬರುವಂತೆ ಅರಾಲ್ಡೈಟ್ ಹಾಕಿ ಕೂರಿಸಿದರೆ, ಕಡ್ಡಿಯನ್ನು ಮೇಲಿನಿಂದ ತಿರುಗಿಸಿ ಹಾಕಬಹುದು, ಬೇಕಾದಾಗ ತಿರುಗಿಸಿ ತೆಗೆಯಬಹುದು. ವಾಷರಿನ ನಡುವಿನ 21 ಮಿ.ಮೀ. ಕಂಡಿಯಲ್ಲಿ ನಿಪ್ಪಲ್‌ನ ತಲೆ ಅಡಗುವುದರಿಂದ ಪೀಠ ಮೇಜಿನ ಮೇಲೆ ಅಲುಗಾಡದೆ ಕೂರುತ್ತದೆ. ಅಂಟು ಒಣಗುವ ಮೊದಲು ಅದು ಮರೆಯ ಒಳಗೆ ಇಳಿಯದಂತೆ ಕಡ್ಡಿಯ ತುದಿಗೆ ಒಂದಿಷ್ಟು ಗ್ರೀಸ್ ಸವರಿ ತಿರುಗಿಸಿಟ್ಟಿರಬೇಕು. ಇಲ್ಲದಿದ್ದರೆ ಕಡ್ಡಿಯೂ ಪೀಠವೂ ಜನ್ಮಕ್ಕೆ ಅಗಲುವುದಿಲ್ಲ.

ಸ್ಪೋಕು ಕತ್ತರಿಸುವಾಗ ತುಂಡು ಗುಂಡಿನಂತೆ ಸಿಡಿಯುತ್ತದೆ. ಕನ್ನಡಕ ಹಾಕಿಕೊಂಡು, ಸಿಡಿಯುವ ತುದಿಯನ್ನು ಚೀಲದೊಳಗೆ ಹಿಡಿದು ಕತ್ತರಿಸಬೇಕು. ಶಾಲೆಯಲ್ಲಿ ಈ ಒಂದು ಕೆಲಸ ಮಾಸ್ತರರೇ ಮಾಡಿಕೊಡುವುದು ಲೇಸು. ಕತ್ತರಿಸಿದ ತುದಿಯನ್ನು ಅರದಿಂದ ಉಜ್ಜಿ ಚೂಪು ಮುರಿಯಬೇಕು. ಗೊಂಬೆ ತೆಗೆದಿಟ್ಟಾಗ ಪೀಠದ ಮೇಲೆ ನಿಂತ ಬೋಳು ಕಡ್ಡಿ ಬಗ್ಗಿ ನೋಡುವವರ ಕಣ್ಣಿಗೇ ಅಪಾಯ. ಅದಕ್ಕೆ ಒಂದು ಮಣಿ ತೊಡಿಸಿಡುವುದು ಒಳ್ಳೆಯ ಅಭ್ಯಾಸ.

ಗೊಂಬೆಯ ಕಡೆಯ ಜೋಡಣೆಯಲ್ಲಿ ಹೆಚ್ಚಿನವರು ಸೋಲುವುದು ಗುಂಡು ಕಡ್ಡಿಯನ್ನು ಗುಂಡು ತೂತಿಗೆ ಹಾಕಿ ಅಂಟಿಸುವುದರಲ್ಲಿ. ಅಂಟು ಸ್ವಲ್ಪ ಬಿಟ್ಟರೆ ಗೊಂಬೆ ಗಾಳಿಗೆ ಗಿರಗಿರ ತಿರುಗುತ್ತದೆ. ಕಡ್ಡಿಯ ಮೇಲ್ತುದಿಯನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿದರೆ ಅಥವಾ ಒಂದು ಮಗ್ಗುಲನ್ನು ಅರದಿಂದ ಸಮ ಮಾಡಿದರೆ ಈ ತೊಂದರೆ ಇಲ್ಲ. ತೂತಿನ ಆಳ ಕಡ್ಡಿಯ ದಪ್ಪದ ಮೂರರಷ್ಟಾದರೂ ಇರಬೇಕು: 2 ಮಿ.ಮೀ. ಕಡ್ಡಿಗೆ 6 ಮಿ.ಮೀ. ಗೊಂಬೆ ಅಷ್ಟು ದಪ್ಪವಿಲ್ಲದಿದ್ದರೆ ಕಡ್ಡಿಯ ತುದಿಯನ್ನು ಮೊಳೆಯಂತೆ ನೇರವಾಗಿ ಬಿಡದೆ, ದೇಹದ ಉದ್ದಕ್ಕೆ ಬಾಗಿಸಿ ಗೊಂಬೆಯೊಳಗೇ ಎಂ-ಸೀಲಿನಲ್ಲಿ ಹುದುಗಿಸಿ ಕೆತ್ತುವುದು ಸರಿ. ಸ್ಟ್ಯಾಂಡಿನ ಯೋಚನೆ ಮೊದಲೇ ಆಗಬೇಕು ಎಂದು ಹೇಳಿದ್ದು ಇದಕ್ಕೇ.

ಅಂಟಿನ ಆಯ್ಕೆಯೂ ಸುಮ್ಮನಲ್ಲ. ಫೆವಿಕ್ವಿಕ್ ಜಾತಿಯ ಅಂಟು ಕ್ಷಣದಲ್ಲಿ ಹಿಡಿಯುತ್ತದೆ, ಆದರೆ ಸೆಳೆತಕ್ಕೆ ಬಲವಿರುವಷ್ಟು ಏಟಿಗೆ ಬಲವಿಲ್ಲ. ಗೊಂಬೆ ಒಮ್ಮೆ ನೆಲಕ್ಕೆ ಬಿದ್ದರೆ ಕಳಚಿಕೊಳ್ಳುತ್ತದೆ. ಪಾರದರ್ಶಕ ಪ್ಲಾಸ್ಟಿಕ್ಕಿನ ಹತ್ತಿರ ಅದರ ಆವಿ ಗಾಳಿಯ ತೇವದೊಂದಿಗೆ ಸೇರಿ ಬಿಳಿ ಮಬ್ಬು ಬಳಿಯುತ್ತದೆ, ಆ ಮಬ್ಬು ಒರೆಸಿದರೆ ಹೋಗುವುದಿಲ್ಲ. ಅಕ್ರಿಲಿಕ್ ಕಡ್ಡಿಯನ್ನು ಸ್ಪಿರಿಟ್ ಹಾಕಿ ಒರೆಸಿದರೂ ಸಣ್ಣ ಬಿರುಕುಗಳ ಬಲೆ ಹರಡಬಹುದು. ಸಾಬೂನು ನೀರು ಸಾಕು. ಲೋಹದ ಕಡ್ಡಿಗೆ ಎರಡು ಟ್ಯೂಬಿನ ಎಪಾಕ್ಸಿಯೇ ಸರಿ. ಅಂಟಿಸುವ ಮೊದಲು ಕಡ್ಡಿಯ ತುದಿಯನ್ನು ಉಪ್ಪುಕಾಗದದಿಂದ ಉಜ್ಜಿ ಒರಟು ಮಾಡಬೇಕು, ಇಡೀ ರಾತ್ರಿ ಮುಟ್ಟದೆ ಬಿಡಬೇಕು.

ಅಯಸ್ಕಾಂತದ ಜೋಡಣೆ ಈಗ ಚಾಲ್ತಿಯಲ್ಲಿದೆ. 5 ಮಿ.ಮೀ. ಅಗಲದ ನಿಯೋಡೈಮಿಯಂ ಬಿಲ್ಲೆ ಒಂದನ್ನು ಗೊಂಬೆಯಲ್ಲಿ, ಇನ್ನೊಂದನ್ನು ಕಡ್ಡಿಯ ತುದಿಯಲ್ಲಿ ಕೂರಿಸಿದರೆ ಗೊಂಬೆ ತಟ್ಟನೆ ಕಚ್ಚಿಕೊಳ್ಳುತ್ತದೆ, ಬೇಕಾದ ಕಡೆಗೆ ತಿರುಗುತ್ತದೆ, ಬಿದ್ದರೆ ಮುರಿಯುವ ಬದಲು ಕಳಚುತ್ತದೆ. ಹಗುರ ಗೊಂಬೆಗೆ ಇದು ಒಳ್ಳೆಯದು. ಭಾರ ಮುಂದೆ ಸರಿದ ಹನುಮಂತನಿಗೆ ಅಲ್ಲ, ಅವನು ಬಿಲ್ಲೆಯ ಮೇಲೆ ತಲೆ ತಗ್ಗಿಸಿ ಜಾರುತ್ತಾನೆ. ಅಂಟಿಸುವ ಮುಂಚೆ ಎಲ್ಲ ಬಿಲ್ಲೆಗಳ ಒಂದೇ ಮಗ್ಗುಲಿಗೆ ಮಾರ್ಕರಿನಲ್ಲಿ ಚುಕ್ಕಿ ಇಡದಿದ್ದರೆ ಅರ್ಧ ಸೈನ್ಯ ತನ್ನ ಸ್ಟ್ಯಾಂಡನ್ನೇ ದೂರ ತಳ್ಳುತ್ತದೆ. ಸಣ್ಣ ಮಕ್ಕಳಿರುವ ಮನೆಯಲ್ಲಿ ಈ ಬಿಲ್ಲೆ ಬೇಡವೇ ಬೇಡ. ಎರಡು ಬಿಲ್ಲೆ ನುಂಗಿದರೆ ಅವು ಕರುಳಿನ ಗೋಡೆಯನ್ನು ನಡುವೆ ಹಿಡಿದು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಕರುಳು ತೂತಾಗುತ್ತದೆ, ಶಸ್ತ್ರಚಿಕಿತ್ಸೆಯವರೆಗೆ ಹೋಗುತ್ತದೆ.

ಕಡ್ಡಿ ಗುರುತ್ವಕೇಂದ್ರಕ್ಕೇ ಚುಚ್ಚಬೇಕೆಂದಿಲ್ಲ. ಕೇಂದ್ರ ಪೀಠದ ನಡುವಿನ ನೇರಕ್ಕೆ ಬಂದರೆ ಸಾಕು. ಹನುಮಂತನ ಕಚ್ಚೆಯ ಸೆರಗು ಕೆಳಗೆ ಇಳಿಬಿದ್ದಿದ್ದರೆ ಕಡ್ಡಿಯನ್ನು ಅದರೊಳಗೆ ಮರೆಮಾಡಿ ತರಬಹುದು. ಬಾಲವನ್ನು ಕೆಳಗಿಳಿಸಿ ಅದನ್ನೇ ಆಸರೆ ಮಾಡಬಹುದು, ಬಾಲದ ನಡುವೆ ಕಡ್ಡಿ, ಮೇಲೆ ಎಂ-ಸೀಲು. ಆಗ ಕಡ್ಡಿಯ ಬುಡ ಪೀಠದ ಒಂದು ಅಂಚಿನ ಕಡೆ ಸರಿದು, ಗೊಂಬೆ ನಡುವಿನ ಮೇಲೆ ತೂಗುವಂತೆ ಕಡ್ಡಿ ಬಾಗಿರಬೇಕು. ವೀರಗಲ್ಲಿನ ಶಿಲ್ಪಿ ಹಿಂಬದಿಯ ಕಲ್ಲನ್ನು ಆಸರೆ ಮಾಡಿಕೊಂಡಂತೆ, ಗೊಂಬೆ ಆಗಷ್ಟೇ ಬಿಟ್ಟು ಹಾರಿದ ಬಂಡೆ, ಗೋಪುರದ ತುದಿ, ಮರದ ಕೊಂಬೆ ಇಟ್ಟು ಅದರ ಒಂದು ಮೂಲೆಗೆ ಗೊಂಬೆಯ ಹೆಬ್ಬೆರಳು ತಾಗಿಸಿದರೂ ನಡೆಯುತ್ತದೆ. ಕಪಾಟಿನಲ್ಲಿ ಇಡುವ ಗೊಂಬೆಗೆ ಇದರಷ್ಟು ಸೊಗಸು ಬೇರೊಂದಿಲ್ಲ. ಆದರೆ ಆಟದಲ್ಲಿ ಗೊಂಬೆ ಹೋದಲ್ಲೆಲ್ಲ ಆ ಬಂಡೆಯೂ ಹಿಂದೆಯೇ ಹೋಗುವುದು ನಗೆ ತರಿಸುತ್ತದೆ.

ವಿಮಾನಗಳ ವಿಷಯ ಇದಕ್ಕಿಂತ ಸರಳ, ಏಕೆಂದರೆ ಆಕಾರ ಎರಡೂ ಬದಿಗೆ ಸಮ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಮುಂದಾಳತ್ವದಲ್ಲಿ ರೂಪುಗೊಂಡ ಎಚ್‌ಎಫ್-24 ಮಾರುತ್ 1961ರ ಜೂನ್ 17ರಂದು ಮೊದಲು ಹಾರಿತು. ಅದರ ಉದ್ದ 15.87 ಮೀಟರ್, ರೆಕ್ಕೆಯಗಲ 9 ಮೀಟರ್. 1/144 ಅಳತೆಯಲ್ಲಿ 110 ಮಿ.ಮೀ. ಮತ್ತು 62 ಮಿ.ಮೀ. 2001ರ ಜನವರಿ 4ರಂದು ಮೊದಲು ಹಾರಿದ ತೇಜಸ್ 13.2 ಮೀಟರ್ ಉದ್ದ, 8.2 ಮೀಟರ್ ಅಗಲ. ಅದೇ ಅಳತೆಯಲ್ಲಿ 92 ಮತ್ತು 57 ಮಿ.ಮೀ. ಇಷ್ಟರ ಗೊಂಬೆಗೆ 40 ಮಿ.ಮೀ. ಭಾರದ ಪೀಠ ಸಾಕು. ಕಡ್ಡಿಯನ್ನು ಹೊಟ್ಟೆಗೆ ಚುಚ್ಚದೆ ಹಿಂದಿನ ಹೊಗೆಕೊಳವೆಯೊಳಗೆ ತೂರಿಸುವುದು ಚೆಂದದ ಉಪಾಯ, ವಿಮಾನದ ಮೈ ಹಾಳಾಗುವುದಿಲ್ಲ. ಆದರೆ ಆಗ ವಿಮಾನದ ಭಾರವೆಲ್ಲ ಕಡ್ಡಿಯ ತುದಿಯಿಂದ ಅರ್ಧ ವಿಮಾನದಷ್ಟು ಮುಂದೆ ಇರುತ್ತದೆ. ಕೊಳವೆಯಲ್ಲಿ ಕಡ್ಡಿ ಆಳವಾಗಿ, ಬಿಗಿಯಾಗಿ ಹೋಗಬೇಕು, ಹೊರಗೆ ಬಂದದ್ದು ವಿಮಾನದ ಕೆಳಗೆ ಮುಂದಕ್ಕೆ ಬಾಗಬೇಕು. ತೇಜಸ್ಸಿಗೆ ಹೊಗೆಕೊಳವೆ ಒಂದೇ, ಮಾರುತ್‌ಗೆ ಜೋಡಿ ಎಂಜಿನ್ನಿನ ಎರಡು. ಎರಡರಲ್ಲೂ ಕಡ್ಡಿ ತೂರಿಸಿ ಕೆಳಗೆ ಕೂಡಿಸಿದರೆ ಗೊಂಬೆ ತಿರುಗುವ ಪ್ರಶ್ನೆಯೇ ಇಲ್ಲ.

ಧ್ರುವ ಹೆಲಿಕಾಪ್ಟರಿನಂಥದ್ದಕ್ಕೆ ರೆಕ್ಕೆಗಳನ್ನು ಬಿಡಿಬಿಡಿಯಾಗಿ ಇಟ್ಟರೆ ಅದು ಹಾರುತ್ತಿರುವಂತೆ ಕಾಣುವುದಿಲ್ಲ, ತೂಗಿಬಿಟ್ಟಂತೆ ಕಾಣುತ್ತದೆ. ತೆಳ್ಳನೆಯ ಪಾರದರ್ಶಕ ಹಾಳೆಯ ಬಿಲ್ಲೆಯೊಂದನ್ನು ಕತ್ತರಿಸಿ ಮೇಲೆ ಕೂರಿಸುವುದು ಉತ್ತಮ.

ಹಾರಾಟದ ಕಳೆ ಬರುವುದು ಓರೆಯಿಂದ. ನೆಟ್ಟಗಿನ ಕಡ್ಡಿಯ ಮೇಲೆ ಮಟ್ಟಸವಾಗಿ ಕೂರಿಸಿದ ವಿಮಾನ ಅಂಗಡಿಯ ಗಾಜಿನ ಪೆಟ್ಟಿಗೆಯ ಸರಕು. ನಿಜವಾದ ವಿಮಾನ ತಿರುಗುವಾಗ ಒಂದು ರೆಕ್ಕೆ ತಗ್ಗಿಸುತ್ತದೆ. ಎತ್ತರ ಬಿಡದೆ 60 ಡಿಗ್ರಿ ಓರೆಯಾಗಿ ತಿರುಗಿದರೆ ಒಳಗಿನವರ ಮೈ ತೂಕ ಎರಡರಷ್ಟಾಗುತ್ತದೆ. ಗೊಂಬೆಗೆ 15ರಿಂದ 30 ಡಿಗ್ರಿ ಧಾರಾಳ. ಓರೆಯನ್ನು ಕಡ್ಡಿಯ ಮೇಲ್ತುದಿಯಲ್ಲಿ ಕೊಡಬೇಕು, ಬುಡದಲ್ಲಲ್ಲ. ಬುಡ ವಾಲಿದರೆ ನೋಡುವವರಿಗೆ ಗೊಂಬೆ ಹಾರುವುದು ಕಾಣುವುದಿಲ್ಲ, ಬೀಳುವುದು ಕಾಣುತ್ತದೆ. ಹನುಮಂತನಿಗೆ ಐಹೊಳೆಯ ಗಂಧರ್ವರ ಪಾಠವೇ ಸಾಕು: ತಲೆ ಎತ್ತಿದ್ದು, ಎದೆ ಮುಂದೆ, ಒಂದು ಕಾಲು ಪೂರ್ತಿ ಮಡಿಸಿ ಇನ್ನೊಂದು ಅರ್ಧ ಚಾಚಿದ್ದು, ಉತ್ತರೀಯ ಹಿಂದಕ್ಕೆ.

ಗುಂಪಿನ ಹಾರಾಟಕ್ಕೆ ಬೇರೆ ಹೊಂದಿಕೆ. ಬೀದರದಲ್ಲಿ 1996ರಲ್ಲಿ ಹುಟ್ಟಿದ ವಾಯುಪಡೆಯ ಸೂರ್ಯಕಿರಣ ತಂಡ ಒಂಬತ್ತು ವಿಮಾನಗಳ ಹಾರಾಟಕ್ಕೆ ಹೆಸರಾದದ್ದು. ಯಲಹಂಕದ ವಿಮಾನ ಪ್ರದರ್ಶನದಲ್ಲಿ ಅದನ್ನು ನೋಡಿದವರು ಸಾಕಷ್ಟು ಜನ. ಒಂಬತ್ತಕ್ಕೆ ಒಂಬತ್ತು ಪೀಠ ಇಟ್ಟರೆ ಅದು ತಂಡವಲ್ಲ, ಸಂತೆ. 1/300ರಂಥ ಸಣ್ಣ ಅಳತೆ ಆರಿಸಿ, ಒಂಬತ್ತು ತೆಳು ತಂತಿಗಳನ್ನು ಬುಡದಲ್ಲಿ ಒಟ್ಟಿಗೆ ಹುರಿ ಹೊಸೆದು, ಮೇಲೆ ಬೇಕಾದ ಎತ್ತರದಲ್ಲಿ ಒಂದೊಂದನ್ನೇ ಬಿಡಿಸಿ, ತುದಿಗೊಂದು ವಿಮಾನ ಕೂರಿಸುವುದು ಕ್ರಮ. ಹುರಿಗೊಂಡ ಬುಡ ತಾನೇ ಗಟ್ಟಿಯಾಗುತ್ತದೆ. ಬಾವಲಿಗಳ ಹಿಂಡು, ಗಿಳಿಗಳ ಗುಂಪು ಮಾಡುವುದೂ ಹೀಗೆಯೇ.

ಪೀಠವನ್ನು ಅಲಂಕರಿಸುವಾಗ ಹಾರುವ ಗೊಂಬೆಯದು ಬೇರೆ ನ್ಯಾಯ. ಕಾಲಾಳಿನ ಪೀಠ ಅವನು ನಿಂತ ನೆಲ. ಹಾರುವವನ ಪೀಠ ಅವನು ಮೇಲಿನಿಂದ ನೋಡುವ ನೆಲ. ಈ ಸೀಮೆಯವರಿಗೆ ಅದಕ್ಕೆ ಬಣ್ಣ ಹುಡುಕಬೇಕಾಗಿಲ್ಲ. ಸುಗ್ಗಿಯಲ್ಲಿ ಬ್ಯಾಡಗಿಯ ಮಾರುಕಟ್ಟೆಯ ಅಂಗಳದಲ್ಲಿ ರಾಶಿ ಹಾಕಿದ ಮೆಣಸಿನಕಾಯಿಯ ಕೆಂಪು, ಗಳೆ ಹೊಡೆದ ಎರಿ ಹೊಲದ ಕಪ್ಪು, ಗಳಗನಾಥದ ಬಳಿ ವರದೆ ತುಂಗಭದ್ರೆಯನ್ನು ಸೇರುವಲ್ಲಿನ ಮರಳು, ರಾಣೆಬೆನ್ನೂರಿನ ಕೃಷ್ಣಮೃಗಗಳ ಕುರುಚಲು ಕಾಡು, ಎಲ್ಲವೂ ಹತ್ತಿರದಲ್ಲೇ ಇದೆ. ಮೆಣಸಿನಕಾಯಿ ಅಂಗಳ ಮಾಡುವವರು ಅಳತೆ ಮರೆಯಬಾರದು. ಮನುಷ್ಯ 28 ಮಿ.ಮೀ. ಇರುವ ಗೊಂಬೆಯ ಲೋಕದಲ್ಲಿ ಅರ್ಧ ಗೇಣಿನಷ್ಟು ಉದ್ದದ ಮೆಣಸಿನಕಾಯಿ 2 ಮಿ.ಮೀ.ಗೆ ಇಳಿಯುತ್ತದೆ; 1/144ರಲ್ಲಿ ಕಾಯಿ ಕಾಣುವುದೇ ಇಲ್ಲ, ಕೆಂಪು ಚೌಕಗಳಷ್ಟೇ. ನಿಜವಾದ ಖಾರದಪುಡಿ ಉದುರಿಸಿ ಅಂಟಿಸುವ ಆಸೆ ಯಾರಿಗಾದರೂ ಬರುತ್ತದೆ. ಅದರ ಬಣ್ಣ ಬೆಳಕಿಗೆ ಮಾಸುತ್ತದೆ, ಮೇಲೆ ಹುಳ ಬೀಳುತ್ತದೆ. ಸೋಸಿದ ಸಣ್ಣ ಮರಳಿಗೆ ಕೆಂಪು ಬಣ್ಣ ಕಲಸಿ ಹಾಕಿದರೆ ಎರಡು ತೊಂದರೆಯೂ ಇಲ್ಲ, ಮರಳಿನ ಭಾರವೂ ಪೀಠಕ್ಕೇ ಲಾಭ. ಗೊಂಬೆಯ ನೆರಳನ್ನು ಪೀಠದ ಮೇಲೆ ತೆಳುವಾದ ಕಪ್ಪಿನಲ್ಲಿ ಬಳಿದರೆ ಎತ್ತರ ಒಮ್ಮೆಗೇ ಹೆಚ್ಚಿದಂತೆ ತೋರುತ್ತದೆ. ಆದರೆ ದೀಪದ ನಿಜವಾದ ನೆರಳು ಬೇರೆ ಕಡೆ ಬಿದ್ದಾಗ ಒಂದು ಗೊಂಬೆಗೆ ಎರಡು ನೆರಳಾಗುತ್ತದೆ, ಹಾಗಾಗಿ ಕಪಾಟಿನ ಗೊಂಬೆಗೆ ಮಾತ್ರ ಇದು ಸರಿ.

ಪೀಠದ ವಸ್ತುವಿಗೆ ಬರವಿಲ್ಲ. ಚನ್ನಪಟ್ಟಣದವರಂತೆ ಹಾಲೆ ಮರವನ್ನು ತಿರುಗಣಿಯಲ್ಲಿ ಕಡೆದು ಅರಗು ಹಚ್ಚಿದ ಬಿಲ್ಲೆ ನೋಡಲು ಅಂದ, ಅಡಿಯಲ್ಲಿ ವಾಷರಿಗೆ ಗುಳಿ ತೋಡಲೂ ಸುಲಭ. ಕಲ್ಲು ಕತ್ತರಿಸುವವರ ಬಳಿ ಬಿದ್ದಿರುವ ಇಳಕಲ್ಲಿನ ಕೆಂಪು ಗ್ರಾನೈಟಿನ ಚೂರು ತಾನೇ ಭಾರ, ವಾಷರು ಬೇಡ, ಆದರೆ ತೂತು ಹಾಕಲು ಕಲ್ಲಿನ ಡ್ರಿಲ್ ಬಿಟ್ಟು ಮತ್ತು ತಾಳ್ಮೆ ಬೇಕು. ಹಾಳಾದ ಸಿಡಿ 120 ಮಿ.ಮೀ. ಅಗಲದ ಸಿದ್ಧ ಪೀಠ, ದೊಡ್ಡ ಗರುಡನಿಗೆ ಸರಿಹೋಗುತ್ತದೆ.

ಆಟದ ನಿಯಮವನ್ನು ನೋಡದೆ ಪೀಠದ ಅಳತೆ ಬದಲಿಸಬಾರದು. ಎಷ್ಟೋ ಆಟಗಳಲ್ಲಿ ದೂರ ಅಳೆಯುವುದು ಗೊಂಬೆಯಿಂದಲ್ಲ, ಪೀಠದ ಅಂಚಿನಿಂದ. 2012ರಲ್ಲಿ ಬಂದ ಎಕ್ಸ್-ವಿಂಗ್ ಆಟದ ಸಣ್ಣ ಪೀಠ 40 ಮಿ.ಮೀ. ಚೌಕ, ಓಡುವ ದಾರಿಯ ಅಚ್ಚುಗಳೂ ಅದಕ್ಕೇ ಹೊಂದಿಸಿದವು. ವಿಂಗ್ಸ್ ಆಫ್ ಗ್ಲೋರಿ ಆಟದಲ್ಲಿ ಕಡ್ಡಿಯ ಎತ್ತರವೇ ವಿಮಾನ ಹಾರುತ್ತಿರುವ ಎತ್ತರವನ್ನು ಹೇಳುತ್ತದೆ, ತುಂಡುಗಳನ್ನು ಒಂದರ ಮೇಲೊಂದು ಸೇರಿಸಿ ಏರಿಸಬೇಕು. ಗೊಂಬೆಯ ಕಣ್ಣಿಗೆ ಎದುರಾಳಿ ಕಾಣುತ್ತಾನೋ ಎಂದು ಬಗ್ಗಿ ನೋಡುವ ಆಟಗಳಲ್ಲಂತೂ ಒಂದು ಅಂಗುಲ ಎತ್ತರದ ಕಡ್ಡಿ ಗುಡ್ಡದ ಆಚೆಯವರನ್ನೂ ಗುಂಡಿಗೆ ಸಿಗಿಸುತ್ತದೆ, ತನ್ನನ್ನೂ ಎಲ್ಲರ ಕಣ್ಣಿಗೆ ಬೀಳಿಸುತ್ತದೆ. ಮನೆಯಲ್ಲಿ ಒಪ್ಪಿ ಆಡುವವರಿಗೆ ಇದರ ಗೊಡವೆ ಇಲ್ಲ. ಪಂದ್ಯಕ್ಕೆ ಹೋಗುವವರು ಕಡ್ಡಿಯ ಉದ್ದವನ್ನು ಮೊದಲೇ ಕೇಳಿಕೊಳ್ಳಬೇಕು.

ಬೇಸಿಗೆ ಈ ಕೆಲಸದ ಶತ್ರು. ತ್ರೀಡಿ ಪ್ರಿಂಟರಿನಲ್ಲಿ ಹೆಚ್ಚಾಗಿ ಬಳಸುವ ಪಿಎಲ್ಎ ಪ್ಲಾಸ್ಟಿಕ್ 60 ಡಿಗ್ರಿಗೆ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಅಷ್ಟು ಶಾಖ ಅಸಾಧ್ಯವಲ್ಲ, ಅಂಥ ಕಡ್ಡಿ ಸಂಜೆಯಷ್ಟರಲ್ಲಿ ಬಿಲ್ಲಿನಂತೆ ಬಾಗಿರುತ್ತದೆ. ಅಕ್ರಿಲಿಕ್ 100 ಡಿಗ್ರಿಯವರೆಗೆ ತಡೆಯುತ್ತದೆ. ಉಕ್ಕಿಗೆ ಶಾಖದ ಚಿಂತೆಯಿಲ್ಲ, ಮಳೆಗಾಲದ ತುಕ್ಕಿನದು ಇದೆ; ಬಣ್ಣ ಹಚ್ಚದ ಕಡ್ಡಿಯಾದರೆ ಎಣ್ಣೆಯ ಬಟ್ಟೆಯಲ್ಲಿ ಒಮ್ಮೆ ಒರೆಸಿಡಬೇಕು.

ಬಸ್ಸಿನಲ್ಲಿ ಒಯ್ಯುವವರು ಗೊಂಬೆ ಮತ್ತು ಪೀಠವನ್ನು ಬಿಡಿಸಿ, ಪೀಠಗಳನ್ನು ಡಬ್ಬದ ಅಡಿಯಲ್ಲಿ, ಗೊಂಬೆಗಳನ್ನು ಮೇಲೆ ಸ್ಪಂಜಿನ ಗುಳಿಗಳಲ್ಲಿ ಇಡುವುದು ಸರಿ. ವಾಷರು ಅಂಟಿಸಿದ ಪೀಠಕ್ಕೆ ಇನ್ನೊಂದು ಅನುಕೂಲ: ಡಬ್ಬದ ತಳಕ್ಕೆ ಅಯಸ್ಕಾಂತದ ಹಾಳೆ ಹಾಸಿದರೆ ಅವು ಜಾರದೆ ಕೂರುತ್ತವೆ. ಕಡ್ಡಿಗಳು ಒಂದೇ ಬಗೆಯಾಗಿ ಕಂಡರೂ ಬಾಗು ಒಂದೊಂದಕ್ಕೆ ಒಂದೊಂದು, ಆದ್ದರಿಂದ ಗೊಂಬೆಯ ಹೊಟ್ಟೆಯಡಿ, ಕಡ್ಡಿಗೆ ಸುತ್ತಿದ ಟೇಪಿನ ಮೇಲೆ, ಪೀಠದ ತಳದಲ್ಲಿ ಒಂದೇ ಅಂಕಿಯನ್ನು ಬರೆದಿಡಬೇಕು.